ಪಕ್ಕದೂರಿನ ಪೊಲೀಸರು ನೆರವಿಗೆ ಬಂದು ಅನಾಹುತವಾದರೆ ಹಣ ಕಟ್ಟುವವರು ಯಾರು?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಬೇ ಏರಿಯಾದ ಒಂದು ಸಣ್ಣ ನಗರದಲ್ಲಿ ನಾವು ಹನ್ನೊಂದು ವರ್ಷಗಳಿಂದ ನೆಲೆಸಿದ್ದೇವೆ. ಮುಂದಿನ ವಾರದ ಸಿಟಿ ಕೌನ್ಸಿಲ್ ಸಭೆಯ ಅಜೆಂಡಾದಲ್ಲಿ ಸುತ್ತಲಿನ ನಾಲ್ಕು ನಗರಗಳ ಪೊಲೀಸ್ ಇಲಾಖೆಗಳೊಂದಿಗೆ ಪರಸ್ಪರ ನೆರವಿನ ಒಪ್ಪಂದ ಒಂದು ವಿಷಯವಾಗಿ ಬಂದಿದೆ. ನಗರದ ಹೊಣೆಗಾರಿಕೆ ವಿಮೆಯ ನವೀಕರಣ ಇನ್ನೊಂದು ವಿಷಯವಾಗಿದೆ. ವಿಮೆಯ ಪ್ರೀಮಿಯಂ ಕಳೆದ ವರ್ಷಕ್ಕಿಂತ ಬಹಳ ಏರಿದೆ. ಬೇರೆ ಊರಿನ ಪೊಲೀಸರು ನಮ್ಮೂರಿಗೆ ಬಂದಾಗ ಯಾರಿಗಾದರೂ ಪೆಟ್ಟಾದರೆ ಪರಿಹಾರ ಕೊಡುವವರು ಯಾರು? ಇಂಥ ಒಪ್ಪಂದಕ್ಕೆ ಕೌನ್ಸಿಲ್ ಒಪ್ಪಿಗೆ ಕೊಡುವುದು ಸರಿಯೇ? ಸಾರ್ವಜನಿಕರು ಮಾತನಾಡುವ ಹೊತ್ತಿನಲ್ಲಿ ನಾನು ಏನು ಕೇಳಬಹುದು?

ಉತ್ತರ: ನೀವು ಹೇಳುವ ಎರಡು ವಿಷಯಗಳಲ್ಲಿ ಒಂದನ್ನು ಪೊಲೀಸ್ ಮುಖ್ಯಸ್ಥರು ಕೌನ್ಸಿಲಿನ ಮುಂದಿಟ್ಟಿರುತ್ತಾರೆ, ಇನ್ನೊಂದನ್ನು ಹಣಕಾಸು ವಿಭಾಗದವರು. ಎರಡಕ್ಕೂ ಬೇರೆ ಬೇರೆ ವರದಿ, ಬೇರೆ ಬೇರೆ ಕ್ರಮಸಂಖ್ಯೆ. ಅನೇಕ ಊರುಗಳಲ್ಲಿ ಅವು ಒಂದೇ ಸಂಜೆ ಬರುವುದೂ ಇಲ್ಲ. ನಿಮ್ಮಲ್ಲಿ ಒಟ್ಟಿಗೆ ಬಂದಿರುವುದು ಒಳ್ಳೆಯದೇ ಆಯಿತು, ಏಕೆಂದರೆ ಇವೆರಡನ್ನೂ ಒಂದೇ ತೀರ್ಮಾನವೆಂದು ಓದದ ಕೌನ್ಸಿಲ್ ಮುಂದೆ ಯಾವತ್ತಾದರೂ ಪೇಚಿಗೆ ಸಿಲುಕುತ್ತದೆ. ನಗರಗಳು ಒಟ್ಟುಗೂಡಿ ನಡೆಸುವ ವಿಮಾ ಪೂಲ್ ಒಂದರಲ್ಲಿ ಬಹಳ ವರ್ಷ ಕ್ಲೇಮುಗಳನ್ನು ಪರಿಶೀಲಿಸಿದವನಾಗಿ, ನಾನು ಕಂಡ ಜಗಳಗಳ ಮೂಲ ಬಹುಪಾಲು ಇಲ್ಲೇ ಇತ್ತು.

ಕರ್ನಾಟಕದಲ್ಲಿ ಬೆಳೆದ ನಮಗೆ ಮೊದಲು ಒಂದು ವಿಷಯ ಮನಸ್ಸಿಗೆ ಹತ್ತಬೇಕು. ನಮ್ಮಲ್ಲಿ ಪೊಲೀಸ್ ರಾಜ್ಯ ಸರ್ಕಾರದ ಇಲಾಖೆ. ಮೈಸೂರು ದಸರಾ ಬಂದೋಬಸ್ತಿಗೆ ಬೇರೆ ಜಿಲ್ಲೆಯ ಪೇದೆಗಳನ್ನು ಕರೆಸಿದರೆ ಅದಕ್ಕೆ ಮಹಾನಗರ ಪಾಲಿಕೆಯ ಸದಸ್ಯರು ಕೈಯೆತ್ತಿ ಒಪ್ಪಿಗೆ ಕೊಡುವ ಪ್ರಮೇಯವೇ ಇಲ್ಲ. ಪೊಲೀಸರಿಂದ ತಪ್ಪಾದಾಗ ಕೋರ್ಟು ಪರಿಹಾರ ಕೊಡಿಸಿದರೂ ಅದು ರಾಜ್ಯದ ಖಜಾನೆಯಿಂದಲೇ ಹೋಗುತ್ತದೆ. 1993ರ ನೀಲಾಬತಿ ಬೆಹೆರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಡಿಶಾ ಸರ್ಕಾರಕ್ಕೆ ಆದೇಶಿಸಿದ್ದು ಹಾಗೆಯೇ. ಅಮೆರಿಕದಲ್ಲಿ ಸ್ವಂತ ಪೊಲೀಸ್ ಇಲಾಖೆ ಇರುವ ನಗರಕ್ಕೆ ಆ ಇಲಾಖೆ ನೀರು ಸರಬರಾಜು, ಗ್ರಂಥಾಲಯಗಳ ಹಾಗೆ ತನ್ನದೇ ಒಂದು ವಿಭಾಗ. ಅವರ ಸಂಬಳ, ಬೂಟು, ಬಂದೂಕು ಎಲ್ಲವೂ ಕೌನ್ಸಿಲ್ ಮಂಜೂರು ಮಾಡಿದ ಬಜೆಟ್ಟಿನಿಂದ ಬರುತ್ತವೆ. ಅವರು ಮಾಡಿದ ತಪ್ಪಿನ ಬಿಲ್ಲೂ ಅಲ್ಲಿಗೇ ಬರುತ್ತದೆ.

ಬಿಲ್ಲು ಬರುವ ದಾರಿ ಎರಡು. ಮೊದಲನೆಯದು 1871ರ ಒಕ್ಕೂಟ ಕಾನೂನು. ಅಂತರ್ಯುದ್ಧದ ನಂತರ ದಕ್ಷಿಣದ ರಾಜ್ಯಗಳಲ್ಲಿ ಕು ಕ್ಲಕ್ಸ್ ಕ್ಲಾನ್ ನಡೆಸುತ್ತಿದ್ದ ಹಿಂಸೆಯನ್ನು ತಡೆಯಲು ಬಂದ ಈ ಕಾನೂನನ್ನು ವಕೀಲರೆಲ್ಲರೂ ಇಂದು ಸೆಕ್ಷನ್ 1983 ಎನ್ನುತ್ತಾರೆ (ಅದು ಕಲಮಿನ ಸಂಖ್ಯೆ, ಇಸವಿಯಲ್ಲ). ಸರ್ಕಾರಿ ಅಧಿಕಾರದ ಬಲದಲ್ಲಿ ಯಾರಾದರೂ ನಿಮ್ಮ ಸಂವಿಧಾನಾತ್ಮಕ ಹಕ್ಕನ್ನು ಮೀರಿದರೆ ಅವರ ಮೇಲೆ ದಾವೆ ಹೂಡುವ ಅವಕಾಶವನ್ನು ಅದು ಕೊಡುತ್ತದೆ. 1961ರ ಮನ್ರೋ ಪ್ರಕರಣದಲ್ಲಿ ಪೊಲೀಸರ ವಿರುದ್ಧ ಈ ದಾರಿ ತೆರೆಯಿತು. 1978ರ ಮೊನೆಲ್ ಪ್ರಕರಣದಲ್ಲಿ, ನಗರದ ಅಧಿಕೃತ ನೀತಿಯಿಂದಲೋ ಬೇರೂರಿದ ರೂಢಿಯಿಂದಲೋ ಅನ್ಯಾಯವಾಗಿದ್ದರೆ ನಗರವೇ ಹೊಣೆ ಎಂದು ಸುಪ್ರೀಂ ಕೋರ್ಟು ಹೇಳಿತು. 1989ರಲ್ಲಿ ಓಹಾಯೋದ ಕ್ಯಾಂಟನ್ ನಗರದ ಪ್ರಕರಣದಲ್ಲಿ ತರಬೇತಿಯ ಕೊರತೆಯೂ ಕೆಲವು ಸಂದರ್ಭಗಳಲ್ಲಿ ಅಂಥ ನೀತಿಯೇ ಆಗಬಹುದು ಎಂದಿತು. 1976ರಿಂದ, ಗೆದ್ದ ಫಿರ್ಯಾದುದಾರರ ವಕೀಲರ ಶುಲ್ಕವನ್ನೂ ಸೋತವರು ತೆರಬೇಕಾಗುವಂತೆ ಕಾನೂನಿದೆ. ಜ್ಯೂರಿ ಕೊಡಿಸಿದ ಪರಿಹಾರಕ್ಕಿಂತ ವಕೀಲರ ಬಿಲ್ಲೇ ದೊಡ್ಡದಾದ ಕಡತಗಳನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ.

ಎರಡನೆಯ ದಾರಿ ರಾಜ್ಯದ ಕಾನೂನು. ಕ್ಯಾಲಿಫೋರ್ನಿಯಾದ ಗವರ್ನಮೆಂಟ್ ಕೋಡಿನ 815.2ನೇ ಕಲಮಿನ ಪ್ರಕಾರ ನೌಕರ ಕೆಲಸದ ಮೇಲಿದ್ದಾಗ ಮಾಡಿದ ತಪ್ಪಿಗೆ ಸಂಸ್ಥೆ ಹೊಣೆ. 825ನೇ ಕಲಮಿನ ಪ್ರಕಾರ ನೌಕರನ ಮೇಲೆ ಬಂದ ತೀರ್ಪಿನ ಹಣವನ್ನು ಸಾಮಾನ್ಯವಾಗಿ ಸಂಸ್ಥೆಯೇ ತುಂಬಬೇಕು. ಆದ್ದರಿಂದ ಪೊಲೀಸ್ ಅಧಿಕಾರಿ ತನ್ನ ಜೇಬಿನಿಂದ ಕೊಡುವುದು ಎಲ್ಲೋ ಅಪರೂಪ. 2006ರಿಂದ 2011ರವರೆಗಿನ ಪಾವತಿಗಳನ್ನು ದೇಶದ ಅನೇಕ ಇಲಾಖೆಗಳಿಂದ ಕಲೆಹಾಕಿ ಕಾನೂನು ಪ್ರಾಧ್ಯಾಪಕಿ ಜೋಆನಾ ಶ್ವಾರ್ಟ್ಸ್ ನಡೆಸಿದ ಅಧ್ಯಯನದಲ್ಲಿ, ಫಿರ್ಯಾದುದಾರರಿಗೆ ಸಂದ ಹಣದಲ್ಲಿ ಅಧಿಕಾರಿಗಳು ಸ್ವತಃ ಕೊಟ್ಟ ಪಾಲು ಶೇಕಡಾ 0.02 ಮಾತ್ರ ಎಂದು ಕಂಡುಬಂತು. ಉಳಿದದ್ದನ್ನು ಕೊಟ್ಟದ್ದು ಸರ್ಕಾರಗಳು ಮತ್ತು ಅವುಗಳ ವಿಮೆ, ಅಂದರೆ ಕೊನೆಗೆ ತೆರಿಗೆ ಕಟ್ಟುವ ನೀವು.

ಇನ್ನು ಪರಸ್ಪರ ನೆರವಿನ ಮಾತು. ಈ ಹೆಸರಿನಲ್ಲಿ ಎರಡು ಬೇರೆ ವ್ಯವಸ್ಥೆಗಳು ನಡೆಯುತ್ತವೆ, ಮತ್ತು ಕೌನ್ಸಿಲ್ ಸದಸ್ಯರೇ ಅವನ್ನು ಕಲಸಿ ಮಾತನಾಡುವುದನ್ನು ಕೇಳಿದ್ದೇನೆ. ಒಂದು, 1950ರಲ್ಲಿ ಅರ್ಲ್ ವಾರನ್ ಗವರ್ನರ್ ಆಗಿದ್ದಾಗ ಮಾಡಿಕೊಂಡ ಇಡೀ ರಾಜ್ಯದ ಮೂಲ ಒಪ್ಪಂದ. ಭೂಕಂಪ, ಕಾಡ್ಗಿಚ್ಚು, ದೊಡ್ಡ ಗಲಭೆ ಇಂಥ ಕಾಲಕ್ಕೆ ಅದು ಇರುವುದು. ನಗರದ ಕೈ ಮೀರಿದಾಗ ಪೊಲೀಸ್ ಮುಖ್ಯಸ್ಥರು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಪೊಲೀಸ್ ಪಡೆಯನ್ನು ನಡೆಸುವ ಶೆರಿಫರನ್ನು ಕೇಳುತ್ತಾರೆ. ಶೆರಿಫರ ಕೈಯೂ ಮೀರಿದರೆ ವಿನಂತಿ ವಲಯದ ಮಟ್ಟಕ್ಕೆ, ಅಲ್ಲಿಂದ ರಾಜ್ಯಕ್ಕೆ ಏರುತ್ತದೆ. ಪೊಲೀಸ್ ನೆರವಿಗಾಗಿ ರಾಜ್ಯದ 58 ಕೌಂಟಿಗಳನ್ನು 7 ವಲಯಗಳಾಗಿ ಹಂಚಿದ್ದಾರೆ. ಈ ಮೂಲ ಒಪ್ಪಂದದಲ್ಲಿ ಎರಡು ಮಾತುಗಳು ಬಹಳ ಸ್ಪಷ್ಟವಾಗಿವೆ: ತನ್ನ ಊರನ್ನೇ ಬರಿದು ಮಾಡಿಕೊಂಡು ನೆರವು ಕಳುಹಿಸಬೇಕೆಂಬ ಕಟ್ಟುಪಾಡು ಯಾರಿಗೂ ಇಲ್ಲ, ಮತ್ತು ಘಟನೆ ಯಾರ ಗಡಿಯೊಳಗೆ ನಡೆದಿದೆಯೋ ಆ ಊರಿನ ಅಧಿಕಾರಿಯೇ ಬಂದವರೆಲ್ಲರನ್ನೂ ನಡೆಸುತ್ತಾನೆ.

ನಿಮ್ಮ ಅಜೆಂಡಾದಲ್ಲಿರುವುದು ಇದಲ್ಲ. ನಾಲ್ಕು ನೆರೆ ನಗರಗಳ ಹೆಸರಿರುವುದರಿಂದ ಅದು ದಿನನಿತ್ಯದ ನೆರವಿನ ಸ್ಥಳೀಯ ಒಪ್ಪಂದ. ರಾತ್ರಿ ಪಾಳಿಯಲ್ಲಿ ಮೂರೋ ನಾಲ್ಕೋ ಕಾರುಗಳಿರುವ ಊರಿಗೆ ಇದು ಬೇಕೇ ಬೇಕು. ಗಡಿಯಾಚೆಯ ರಸ್ತೆಯಲ್ಲಿ ಅಪಘಾತವಾದರೆ ಹತ್ತಿರದ ಕಾರು ಯಾವ ಊರಿನದಾದರೂ ಓಡಬೇಕು. ಸ್ವಾಟ್ ಎಂಬ ವಿಶೇಷ ಸಶಸ್ತ್ರ ತಂಡ, ಪೊಲೀಸ್ ನಾಯಿ, ಒತ್ತೆಯಾಳುಗಳ ಸಂದರ್ಭದಲ್ಲಿ ಮಾತುಕತೆ ನಡೆಸುವವರು ಇವನ್ನೆಲ್ಲ ಒಂದೊಂದು ಸಣ್ಣ ನಗರವೂ ತಾನೇ ಸಾಕಲು ಆಗುವುದಿಲ್ಲವಾದ್ದರಿಂದ ಐದಾರು ನಗರಗಳು ಸೇರಿ ಒಂದು ತಂಡ ಕಟ್ಟುವುದೂ ಇದೆ. ಬೇರೆ ಊರಿನ ಅಧಿಕಾರಿಗೆ ನಿಮ್ಮೂರಿನಲ್ಲಿ ಅಧಿಕಾರ ಎಲ್ಲಿಂದ ಬಂತು ಎಂದರೆ, ರಾಜ್ಯದ ಪೀನಲ್ ಕೋಡಿನ 830.1ನೇ ಕಲಮಿನಲ್ಲಿ ಅದಕ್ಕೆ ಉತ್ತರವಿದೆ: ಆ ಊರಿನ ಪೊಲೀಸ್ ಮುಖ್ಯಸ್ಥರು ಮುಂಚಿತವಾಗಿ ಸಮ್ಮತಿಸಿದ್ದರೆ ಸಾಕು. ಅಧಿಕಾರದ ಪ್ರಶ್ನೆ ಹೀಗೆ ಸಲೀಸಾಗಿ ಮುಗಿಯುತ್ತದೆ, ತೊಡಕಿರುವುದು ಹಣದಲ್ಲಿ.

ಕ್ಯಾಲಿಫೋರ್ನಿಯಾದ ಗವರ್ನಮೆಂಟ್ ಕೋಡಿನ 895.2ನೇ ಕಲಮನ್ನು ಗಮನಿಸಿ. ಎರಡೋ ಹೆಚ್ಚೋ ಸಾರ್ವಜನಿಕ ಸಂಸ್ಥೆಗಳು ಒಪ್ಪಂದ ಮಾಡಿಕೊಂಡು ಕೆಲಸ ನಡೆಸುವಾಗ ಯಾರಿಗಾದರೂ ಹಾನಿಯಾದರೆ, ಅವೆಲ್ಲವೂ ಜಂಟಿಯಾಗಿಯೂ ಬಿಡಿಬಿಡಿಯಾಗಿಯೂ ಹೊಣೆಯಾಗುತ್ತವೆ. ಅಂದರೆ ಪೆಟ್ಟು ತಿಂದವನು ಪೂರ್ತಿ ಹಣವನ್ನು ಯಾವುದಾದರೂ ಒಂದೇ ನಗರದಿಂದ ವಸೂಲು ಮಾಡಬಹುದು. ನಿಮ್ಮಲ್ಲಿ ನೀವು ಆಮೇಲೆ ಹಂಚಿಕೊಳ್ಳಿ ಎನ್ನುತ್ತದೆ ಕಾನೂನು. ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆದುಕೊಳ್ಳಲು 895.4ನೇ ಕಲಮು ಅವಕಾಶ ಕೊಡುತ್ತದೆ. ಬರೆದುಕೊಳ್ಳದಿದ್ದರೆ? ಆಗ 895.6ನೇ ಕಲಮು ಬರುತ್ತದೆ: ತೀರ್ಪಿನ ಮೊತ್ತವನ್ನು ಒಪ್ಪಂದಕ್ಕೆ ಸಹಿ ಹಾಕಿದ ಸಂಸ್ಥೆಗಳ ಸಂಖ್ಯೆಯಿಂದ ಭಾಗಿಸಬೇಕು. ಯಾರು ಎಷ್ಟು ಜನರನ್ನು ಕಳುಹಿಸಿದ್ದರು, ಯಾರ ತಪ್ಪು ಎಷ್ಟು ಎಂಬ ಲೆಕ್ಕ ಅಲ್ಲಿಲ್ಲ. ನಿಮ್ಮ ಒಪ್ಪಂದದಲ್ಲಿ ಐದು ನಗರಗಳಿವೆ; ನಲವತ್ತು ಜನರನ್ನು ಕಳುಹಿಸಿದ ನಗರಕ್ಕೂ ಆ ರಾತ್ರಿ ಒಂದೇ ಒಂದು ಕಾರನ್ನು ಕಳುಹಿಸಿದ ನಗರಕ್ಕೂ ಐದರಲ್ಲಿ ಒಂದು ಪಾಲು ಬೀಳುತ್ತದೆ. ಇದನ್ನು ಬಲ್ಲ ನಗರ ವಕೀಲರು ಒಪ್ಪಂದದಲ್ಲಿ ನಷ್ಟ ತುಂಬಿಕೊಡುವ ಷರತ್ತನ್ನು ತಪ್ಪದೆ ಸೇರಿಸುತ್ತಾರೆ, ಮತ್ತು ನೀವು ಓದಬೇಕಾದದ್ದು ಆ ಒಂದು ಪ್ಯಾರಾವನ್ನು.

ಆ ಪ್ಯಾರಾ ಸಾಮಾನ್ಯವಾಗಿ ಮೂರು ರೂಪಗಳಲ್ಲಿ ಕಾಣಸಿಗುತ್ತದೆ. ಒಂದರಲ್ಲಿ, ಪ್ರತಿ ನಗರವೂ ತನ್ನ ನೌಕರರು ಮಾಡಿದ್ದಕ್ಕೆ ತಾನೇ ಹೊಣೆ ಎಂದಿರುತ್ತದೆ. ಇನ್ನೊಂದರಲ್ಲಿ, ಕರೆದವರೇ ಹೊಣೆ. ಬಂದ ಅತಿಥಿಗಳ ಮೇಲೆ ದಾವೆ ಬಿದ್ದರೆ ಅದನ್ನೂ ಕರೆದ ನಗರವೇ ನಡೆಸಿ, ಹಣವನ್ನೂ ಕೊಡಬೇಕು. ಮೂರನೆಯದರಲ್ಲಿ ಯಾರು ಯಾರ ವಿರುದ್ಧವೂ ಹಕ್ಕು ಸಾಧಿಸುವುದಿಲ್ಲ ಎಂದು ಎಲ್ಲರೂ ಬಿಟ್ಟುಕೊಟ್ಟಿರುತ್ತಾರೆ, ಹಾನಿ ಎಲ್ಲಿ ಬಿತ್ತೋ ಅಲ್ಲೇ ಉಳಿಯುತ್ತದೆ. ನನಗೆ ಮೊದಲನೆಯದೇ ಸರಿ ಎನಿಸುತ್ತದೆ, ಏಕೆಂದರೆ ಆ ಅಧಿಕಾರಿಯನ್ನು ನೇಮಿಸಿಕೊಂಡವರು, ತರಬೇತಿ ಕೊಟ್ಟವರು, ಹಿಂದಿನ ದೂರುಗಳನ್ನು ಕಡತದಲ್ಲಿ ಇಟ್ಟುಕೊಂಡವರು ಅವನ ಸ್ವಂತ ಊರಿನವರು. ಆದರೆ ಕರೆದ ನಗರದ ಅಧಿಕಾರಿಯೇ ಎಲ್ಲರನ್ನೂ ನಡೆಸುವುದಾದ್ದರಿಂದ, ಆದೇಶ ಕೊಟ್ಟವರು ಪೂರ್ತಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ ಎಂದು ವಾದಿಸುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದೇಶದಂತೆ ನಡೆದುದಕ್ಕೆ ಕರೆದವರು, ಆದೇಶ ಮೀರಿದ್ದಕ್ಕೆ ಕಳುಹಿಸಿದವರು ಎಂದು ಹಂಚಿ ಬರೆದ ಒಪ್ಪಂದಗಳೂ ಇವೆ. ಓದಲು ಚೆನ್ನಾಗಿರುತ್ತವೆ, ಕೋರ್ಟಿನಲ್ಲಿ ಬಿಡಿಸುವಾಗ ಕಗ್ಗಂಟಾಗುತ್ತವೆ.

ಇದೆಲ್ಲ ಕಾಗದದ ಮೇಲಿನ ಲೆಕ್ಕವಲ್ಲ ಎನ್ನುವುದಕ್ಕೆ ಕನೆಕ್ಟಿಕಟ್ ರಾಜ್ಯದ ಒಂದು ಪ್ರಕರಣ ನೋಡಿ. 2008ರ ಮೇ ತಿಂಗಳಲ್ಲಿ ಈಸ್ಟನ್ ಎಂಬ ಸಣ್ಣ ಊರಿನ ಒಂದು ಮನೆಯ ಮೇಲೆ, ಸ್ವಲ್ಪ ಮಾದಕ ದ್ರವ್ಯವಿದೆ ಎಂಬ ಸುಳಿವಿನ ಮೇಲೆ, ಹಲವು ಊರುಗಳ ಪೊಲೀಸರು ಸೇರಿದ್ದ ಜಂಟಿ ತಂಡ ದಾಳಿ ಮಾಡಿತು. ಕಣ್ಣು ಕುಕ್ಕುವ ಬೆಳಕು ಮತ್ತು ಸದ್ದಿನ ಗ್ರೆನೇಡುಗಳನ್ನು ಎಸೆದು ಒಳನುಗ್ಗಿದ ತಂಡದ ಗುಂಡಿಗೆ, ಅಂದು ಆ ಮನೆಗೆ ಬಂದಿದ್ದ ನಿರಾಯುಧ ಅತಿಥಿಯೊಬ್ಬರು ಬಲಿಯಾದರು. ಗುಂಡು ಹಾರಿಸಿದ್ದು ಒಂದು ಊರಿನ ಅಧಿಕಾರಿ, ದಾಳಿಗೆ ಕರೆದದ್ದು ಇನ್ನೊಂದು ಊರು, ತಂಡದಲ್ಲಿದ್ದವರು ಮತ್ತೂ ಮೂರು ಊರಿನವರು. ದಾವೆ ಐದೂ ಊರುಗಳ ಮೇಲೆ ಬಿತ್ತು: ಈಸ್ಟನ್, ಮನ್ರೋ, ಟ್ರಂಬುಲ್, ಡೇರಿಯನ್, ವಿಲ್ಟನ್. ಐದು ವರ್ಷ ಹೋರಾಡಿ, 2013ರಲ್ಲಿ ಮೃತರ ಕುಟುಂಬಕ್ಕೆ 35 ಲಕ್ಷ ಡಾಲರ್ ಕೊಟ್ಟು ಆ ಊರುಗಳು ರಾಜಿ ಮಾಡಿಕೊಂಡವು. ತನ್ನ ಒಬ್ಬಿಬ್ಬರು ಅಧಿಕಾರಿಗಳನ್ನು ನೆರವಿಗೆ ಕಳುಹಿಸಿದ ಊರಿನ ತೆರಿಗೆದಾರನಿಗೆ ಆ ರಾತ್ರಿ ಯಾವ ಬಾಗಿಲು ಒಡೆಯಲಾಯಿತು ಎಂಬುದೇ ತಿಳಿದಿರಲಿಕ್ಕಿಲ್ಲ.

ಈಗ ವಿಮೆಗೆ ಬರೋಣ. ಬಹಳ ದೊಡ್ಡ ನಗರಗಳು ತಮ್ಮ ಹೊಣೆಯನ್ನು ತಾವೇ ಹೊರುತ್ತವೆ. ಪೊಲೀಸ್ ಅಧಿಕಾರಿಯ ಕೈಯಲ್ಲಿ ಸತ್ತ ಜಾರ್ಜ್ ಫ್ಲಾಯ್ಡ್ ಅವರ ಕುಟುಂಬಕ್ಕೆ ಮಿನಿಯಾಪೊಲಿಸ್ ನಗರ 2021ರಲ್ಲಿ 2.7 ಕೋಟಿ ಡಾಲರ್ ಕೊಡಲು ಒಪ್ಪಿದಾಗ ಅದು ಹೊರಗಿನ ವಿಮಾ ಕಂಪನಿಯ ಹಣವಾಗಿರಲಿಲ್ಲ. ಸಣ್ಣ ನಗರಕ್ಕೆ ಅಂಥ ಒಂದೇ ತೀರ್ಪು ಬಂದರೆ ಉದ್ಯಾನ, ಗ್ರಂಥಾಲಯ ಎಲ್ಲ ಮುಚ್ಚಬೇಕಾದೀತು. 1970ರ ದಶಕದಲ್ಲಿ ಖಾಸಗಿ ಕಂಪನಿಗಳು ನಗರಗಳಿಗೆ ವಿಮೆ ಕೊಡಲು ಹಿಂಜರಿದಾಗ ಕ್ಯಾಲಿಫೋರ್ನಿಯಾದ ನಗರಗಳು ತಮ್ಮತಮ್ಮಲ್ಲೇ ಹಣ ಕೂಡಿಸಿ ಪೂಲ್‌ಗಳನ್ನು ಕಟ್ಟಿಕೊಂಡವು. ನಮ್ಮೂರ ಚೀಟಿ ವ್ಯವಹಾರದ ದೂರದ ನೆಂಟ ಎಂದುಕೊಳ್ಳಿ, ಲಾಭಕ್ಕಾಗಿ ಎತ್ತುವವರು ಮಾತ್ರ ಇಲ್ಲಿ ಯಾರೂ ಇಲ್ಲ. ಕುತೂಹಲದ ಸಂಗತಿಯೆಂದರೆ, ಇಂಥ ಪೂಲನ್ನು ವಿಮೆ ಎಂದು ಪರಿಗಣಿಸತಕ್ಕದ್ದಲ್ಲ ಎಂದು ರಾಜ್ಯದ ಕಾನೂನೇ ಹೇಳುತ್ತದೆ. ಹಾಗಾಗಿ ನಿಮ್ಮ ನಗರಕ್ಕೆ ಸಿಗುವ ಕಾಗದದ ಮೇಲೆ ಪಾಲಿಸಿ ಎಂಬ ಪದವೇ ಇಲ್ಲದಿರಬಹುದು. ಮೆಮೊರಾಂಡಮ್ ಆಫ್ ಕವರೇಜ್ ಎಂದಿರುತ್ತದೆ. ಕೇಳುವಾಗ ಆ ಹೆಸರಿನಲ್ಲೇ ಕೇಳಿ, ಇಲ್ಲದಿದ್ದರೆ ಅಂಥ ಪಾಲಿಸಿ ನಮ್ಮಲ್ಲಿಲ್ಲ ಎಂಬ ಪ್ರಾಮಾಣಿಕ ಉತ್ತರ ಬಂದೀತು.

ಆ ಕಾಗದದ ಮೊದಲ ಪುಟದಲ್ಲಿ ಎರಡು ಅಂಕಿಗಳಿರುತ್ತವೆ. ಒಂದು, ಪ್ರತಿ ಘಟನೆಯಲ್ಲಿ ನಗರ ತಾನೇ ಕಟ್ಟಬೇಕಾದ ಮೊದಲ ಮೊತ್ತ; ಕಾರಿನ ವಿಮೆಯಲ್ಲಿ ನೀವು ಡಿಡಕ್ಟಿಬಲ್ ಎನ್ನುವಂಥದ್ದು. ಇನ್ನೊಂದು, ಪೂಲ್ ಅಥವಾ ಪೂಲಿಗೇ ವಿಮೆ ಕೊಟ್ಟಿರುವ ಮೇಲಿನ ಮರುವಿಮಾ ಕಂಪನಿ ಗರಿಷ್ಠ ಎಷ್ಟರವರೆಗೆ ಕೊಡುತ್ತದೆ ಎಂಬುದು. ಉದಾಹರಣೆಗೆ, ಮೊದಲ 2.5 ಲಕ್ಷ ಡಾಲರ್ ನಗರದ್ದು, ಮಿತಿ 1 ಕೋಟಿ ಡಾಲರ್ ಎಂದಿಟ್ಟುಕೊಳ್ಳೋಣ. ನೆರವಿಗೆ ಬಂದ ಅಧಿಕಾರಿಯ ರಬ್ಬರ್ ಗುಂಡು ತಾಗಿ ಒಬ್ಬರ ಕಣ್ಣು ಹೋಯಿತು. ವಕೀಲರ ವೆಚ್ಚ 6 ಲಕ್ಷ, ರಾಜಿ 30 ಲಕ್ಷ. ಇಡೀ ಹೊಣೆ ನಿಮ್ಮ ನಗರದ ಮೇಲೇ ಬಂದರೂ ಈ ವರ್ಷ ನಗರದ ಕೈಯಿಂದ ಹೋಗುವುದು 2.5 ಲಕ್ಷ ಮಾತ್ರ ಎಂದು ಕಾಣುತ್ತದೆ. ಮುಂದಿನ ಐದು ವರ್ಷ ನಿಮ್ಮ ಪ್ರೀಮಿಯಂ ನಿರ್ಧಾರವಾಗುವಾಗ ಉಳಿದ ಮೊತ್ತ ನಿಮ್ಮ ನಗರದ ನಷ್ಟದ ಇತಿಹಾಸದಲ್ಲಿ ಕುಳಿತಿರುತ್ತದೆ, ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ವಸೂಲಾಗುತ್ತದೆ. ನಿಮ್ಮ ಪ್ರೀಮಿಯಂ ಏರಿದ್ದಕ್ಕೆ ಎರಡು ಕಾರಣಗಳಿರಬಹುದು: ನಿಮ್ಮೂರಿನದೇ ಕ್ಲೇಮುಗಳು, ಇಲ್ಲವೇ ಪೊಲೀಸ್ ಪ್ರಕರಣಗಳಲ್ಲಿ ತೀರ್ಪಿನ ಮೊತ್ತಗಳು ಬೆಳೆಯುತ್ತಿರುವುದರಿಂದ ಮೇಲಿನ ಮರುವಿಮಾ ಕಂಪನಿಗಳು ಎಲ್ಲರಿಗೂ ದರ ಏರಿಸಿರುವುದು. ಇವೆರಡರಲ್ಲಿ ಯಾವುದು ಎಂದು ಕೇಳುವ ಹಕ್ಕು ನಿಮಗಿದೆ. ವಕೀಲರ ವೆಚ್ಚ ಆ ಗರಿಷ್ಠ ಮಿತಿಯ ಒಳಗೆ ಸೇರುತ್ತದೆಯೋ ಹೊರಗಿದೆಯೋ ಎಂಬುದನ್ನೂ ಕೇಳಿ.

ಮೆಮೊರಾಂಡಮ್ಮಿನ ಒಳಪುಟಗಳಲ್ಲಿ ರಕ್ಷಣೆ ಯಾರಿಗೆ, ಯಾವುದಕ್ಕೆ ಇಲ್ಲ ಎಂಬ ಪಟ್ಟಿಗಳಿರುತ್ತವೆ. ಉದ್ದೇಶಪೂರ್ವಕ ದುಷ್ಕೃತ್ಯಕ್ಕೆ ವಿಮೆ ಕೊಡುವಂತಿಲ್ಲ ಎಂಬುದು ಕ್ಯಾಲಿಫೋರ್ನಿಯಾದ ಇನ್ಶೂರೆನ್ಸ್ ಕೋಡಿನ 533ನೇ ಕಲಮು. ದಂಡರೂಪದ ಪರಿಹಾರವನ್ನು ನಗರದ ಮೇಲೆ ಸೆಕ್ಷನ್ 1983ರ ಅಡಿಯಲ್ಲಿ ಹೇರುವಂತಿಲ್ಲ ಎಂದು 1981ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ, ಆದರೆ ಅಧಿಕಾರಿಯ ಮೇಲೆ ಹೇರಬಹುದು. ಇವೆಲ್ಲ ಮಾಮೂಲು. ನಾನು ನಿಮ್ಮ ಗಮನ ಸೆಳೆಯಲು ಬಯಸುವುದು, ಒಪ್ಪಂದದ ಮೂಲಕ ತಾನಾಗಿ ಮೈಮೇಲೆ ಎಳೆದುಕೊಂಡ ಹೊಣೆ ಎಂಬ ಸಾಲಿನ ಮೇಲೆ.

ಒಂದು ನಗರದ ಕಥೆ ಹೇಳುತ್ತೇನೆ, ಹೆಸರು ಬೇಡ. ಅಲ್ಲಿ ಪರಸ್ಪರ ನೆರವಿನ ಒಪ್ಪಂದ ಏಪ್ರಿಲ್ ತಿಂಗಳಿನಲ್ಲಿ, ಚರ್ಚೆಯಿಲ್ಲದೆ ಒಟ್ಟಿಗೆ ಮಂಜೂರಾಗುವ ಪಟ್ಟಿಯಲ್ಲಿ, ಮರ ಕತ್ತರಿಸುವ ಗುತ್ತಿಗೆಗೂ ಕಳೆದ ಸಭೆಯ ನಡವಳಿಗೂ ನಡುವೆ ಕುಳಿತು ಪಾಸಾಯಿತು. ಕರೆದವರೇ ಹೊಣೆ ಎಂಬ ರೂಪದ ಷರತ್ತು ಅದರಲ್ಲಿತ್ತು. ವಿಮೆಯ ನವೀಕರಣ ಜೂನಿನಲ್ಲಿ ಬಂತು. ಸದಸ್ಯರು ಒಂದು ಗಂಟೆ ಪ್ರೀಮಿಯಂ ಬಗ್ಗೆ ಮಾತನಾಡಿದರು, ಹೊರಗಿಟ್ಟ ವಿಷಯಗಳ ಪುಟವನ್ನು ಯಾರೂ ತಿರುಗಿಸಲಿಲ್ಲ. ಎರಡು ವರ್ಷ ಕಳೆದು ನೆರೆಯೂರಿನ ಅಧಿಕಾರಿಯೊಬ್ಬನ ಮೇಲೆ ಕ್ಲೇಮು ಬಂದು, ಒಪ್ಪಂದದ ಪ್ರಕಾರ ನೀವೇ ನಮ್ಮವನ ವಕೀಲರನ್ನು ನೇಮಿಸಿ ಎಂದು ಆ ಊರು ಪತ್ರ ಬರೆದಾಗ ಎರಡೂ ಕಾಗದಗಳು ಮೊದಲ ಬಾರಿಗೆ ಒಂದೇ ಮೇಜಿನ ಮೇಲೆ ಬಂದವು. ಆ ಮೇಜು ನನ್ನದಾಗಿತ್ತು. ಮೆಮೊರಾಂಡಮ್ಮಿನಲ್ಲಿ ರಕ್ಷಣೆ ಇದ್ದದ್ದು ನಗರಕ್ಕೆ, ಅದರ ಚುನಾಯಿತರಿಗೆ, ಅದರ ನೌಕರರಿಗೆ. ಅತಿಥಿ ಅಧಿಕಾರಿ ಈ ಮೂರರಲ್ಲಿ ಯಾವುದೂ ಆಗಿರಲಿಲ್ಲ. ಒಪ್ಪಂದದಿಂದ ಎಳೆದುಕೊಂಡ ಹೊಣೆಯನ್ನು, ಪೂಲಿಗೆ ಮುಂಚಿತವಾಗಿ ತಿಳಿಸಿ ಒಪ್ಪಿಗೆ ಪಡೆದಿದ್ದರೆ ಹೊರತು, ಹೊರಗಿಡಲಾಗಿತ್ತು. ಒಂದು ಪತ್ರ ಬರೆದಿದ್ದರೆ ಸಾಕಿತ್ತು. ಬರೆದಿರಲಿಲ್ಲ. ವಕೀಲರ ಬಿಲ್ಲನ್ನು ನಗರ ತನ್ನ ಸಾಮಾನ್ಯ ನಿಧಿಯಿಂದ ಕಟ್ಟಿತು. ಈ ಅಚಾತುರ್ಯದಲ್ಲಿ ದುರುದ್ದೇಶ ಯಾರದೂ ಇರಲಿಲ್ಲ. ಪೊಲೀಸ್ ಮುಖ್ಯಸ್ಥರು ತಮ್ಮ ಕಡತ ಓದಿದ್ದರು, ಹಣಕಾಸಿನವರು ತಮ್ಮದನ್ನು ಓದಿದ್ದರು, ಅಷ್ಟೇ.

ವಿಮೆಯವರು ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಲಾಸ್ ಏಂಜಲಿಸ್ ಕೌಂಟಿಯ ಮೇವುಡ್ ನಗರವನ್ನು ನೆನೆಯಬೇಕು. ಸುಮಾರು 27,000 ಜನರ ಪುಟ್ಟ ನಗರ ಅದು. ಅಲ್ಲಿನ ಪೊಲೀಸ್ ಇಲಾಖೆಯ ಬಗ್ಗೆ 2009ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕಚೇರಿಯೇ ಕಟುವಾದ ವರದಿ ಕೊಟ್ಟಿತ್ತು, ದಾವೆಗಳು ಸಾಲುಗಟ್ಟಿದ್ದವು. 2010ರಲ್ಲಿ ಕ್ಯಾಲಿಫೋರ್ನಿಯಾ ಜಾಯಿಂಟ್ ಪವರ್ಸ್ ಇನ್ಶೂರೆನ್ಸ್ ಅಥಾರಿಟಿ ಎಂಬ ಪೂಲ್ ನಗರದ ರಕ್ಷಣೆಯನ್ನು ರದ್ದುಗೊಳಿಸಿತು. ವಿಮೆಯಿಲ್ಲದೆ ಒಬ್ಬ ನೌಕರನನ್ನೂ ಇಟ್ಟುಕೊಳ್ಳುವ ಧೈರ್ಯವಿಲ್ಲದ ಕೌನ್ಸಿಲ್ ಪೊಲೀಸ್ ಇಲಾಖೆಯನ್ನು ವಿಸರ್ಜಿಸಿ, ಉಳಿದ ಸಿಬ್ಬಂದಿಯನ್ನೂ ಮನೆಗೆ ಕಳುಹಿಸಿ, ಆ ವರ್ಷದ ಜುಲೈನಿಂದ ಊರಿನ ಕಾವಲನ್ನು ಕೌಂಟಿ ಶೆರಿಫರಿಗೆ ಗುತ್ತಿಗೆ ಕೊಟ್ಟಿತು. ಮತದಾರರು, ಪತ್ರಿಕೆಗಳು, ರಾಜ್ಯ ಸರ್ಕಾರ ಯಾರಿಂದಲೂ ಆಗದ ಕೆಲಸವನ್ನು ಒಂದು ವಿಮಾ ಪತ್ರ ಮಾಡಿತು ಎನ್ನುವುದು ನನಗೆ ಇಂದಿಗೂ ಸ್ವಲ್ಪ ಮುಜುಗರದ ಸಂಗತಿ. ಇದೇ ಬಲವನ್ನು ಪೂಲ್‌ಗಳು ಒಳ್ಳೆಯದಕ್ಕೂ ಬಳಸುತ್ತವೆ: ಕಾರಿನ ಬೆನ್ನಟ್ಟುವಿಕೆಗೆ ಲಿಖಿತ ನಿಯಮ, ಬಲಪ್ರಯೋಗದ ವಾರ್ಷಿಕ ತರಬೇತಿ, ಇವನ್ನು ಸದಸ್ಯತ್ವದ ಷರತ್ತಾಗಿ ಇಡುತ್ತವೆ. ಹಾಗಿದ್ದರೆ ನೆರವಿಗೆ ಬರುವ ಇತರ ನಾಲ್ಕು ನಗರಗಳು ಯಾವ ಪೂಲಿನಲ್ಲಿವೆ, ಅವುಗಳ ಮಿತಿ ಎಷ್ಟು ಎಂದು ನಿಮ್ಮ ಕೌನ್ಸಿಲ್ ಕೇಳಲೇಬೇಕು. ಜಂಟಿ ಹೊಣೆಯಲ್ಲಿ ನಿಮ್ಮ ಜೊತೆಗಾರನ ಜೇಬು ಬರಿದಾಗಿದ್ದರೆ ಅವನ ಪಾಲೂ ನಿಮ್ಮದೇ.

ಹಣವನ್ನು ಬಿಟ್ಟರೆ ಉಳಿಯುವ ಪ್ರಶ್ನೆ, ಬಂದವರು ಯಾರ ನಿಯಮ ಪಾಲಿಸಬೇಕು ಎಂಬುದು. 2020ರ ಜೂನಿನಲ್ಲಿ ಬರ್ಕ್ಲಿ ನಗರದ ಕೌನ್ಸಿಲ್ ಅಶ್ರುವಾಯುವನ್ನು ನಿಷೇಧಿಸಿದಾಗ ತನ್ನ ಪೊಲೀಸರಿಗಷ್ಟೇ ಅಲ್ಲದೆ ನೆರವಿಗೆ ಬರುವವರಿಗೂ ಅದನ್ನು ಅನ್ವಯಿಸಿತು. ಬೇರೆ ಇಲಾಖೆಗಳೊಂದಿಗಿನ ಒಪ್ಪಂದಗಳನ್ನು ಕೌನ್ಸಿಲ್ ಮುಂದೆ ತಂದು ಪರಿಶೀಲಿಸುವ ಹಳೆಯ ಪದ್ಧತಿ ಇರುವ ಊರು ಅದು. ಇಂಥ ನಿರ್ಬಂಧಕ್ಕೆ ತೆರಬೇಕಾದ ಬೆಲೆ ಏನೆಂಬುದು ಅದೇ ವರ್ಷ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿಯಲ್ಲಿ ಕಂಡಿತು. ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನಕ್ಕೆ ಪೊಲೀಸರನ್ನು ಕಳುಹಿಸಲು ಒಪ್ಪಿದ್ದ ನೂರಕ್ಕೂ ಹೆಚ್ಚು ಇಲಾಖೆಗಳು, ಅಶ್ರುವಾಯು ಮತ್ತು ಪೆಪ್ಪರ್ ಸ್ಪ್ರೇ ಬಳಕೆಯನ್ನು ನಿಲ್ಲಿಸಬೇಕೆಂದು ಅಲ್ಲಿನ ಪೊಲೀಸ್ ಮುಖ್ಯಸ್ಥರಿಗೆ ನಿರ್ದೇಶನ ಬಂದದ್ದನ್ನೂ ಒಂದು ಕಾರಣವಾಗಿ ಹೇಳಿ, ಹಿಂದೆ ಸರಿದವು. ಕೋವಿಡ್ ಕಾರಣದಿಂದ ಅಧಿವೇಶನವೇ ಬಹುಪಾಲು ಆನ್‌ಲೈನ್ ಆಗಿ, ಪೇಚು ತಪ್ಪಿತು. ಅದೇ ನಗರದಲ್ಲಿ 2024ರ ಜುಲೈನಲ್ಲಿ ರಿಪಬ್ಲಿಕನ್ ಅಧಿವೇಶನ ನಡೆದಾಗ, ಓಹಾಯೋ ರಾಜ್ಯದ ಕೊಲಂಬಸ್ ನಗರದಿಂದ ಬಂದಿದ್ದ ಪೊಲೀಸರು, ಚಾಕು ಹಿಡಿದು ಇನ್ನೊಬ್ಬನೆಡೆಗೆ ಹೋಗುತ್ತಿದ್ದ ಮನೆಯಿಲ್ಲದ ವ್ಯಕ್ತಿಯೊಬ್ಬನನ್ನು ಭದ್ರತಾ ವಲಯದ ಹೊರಗಿನ ಒಂದು ಬಡಾವಣೆಯಲ್ಲಿ ಗುಂಡಿಕ್ಕಿ ಕೊಂದರು. ಅವರ ಮೇಲೆ ಮೊಕದ್ದಮೆ ಹೂಡುವುದಿಲ್ಲ ಎಂದು ಅಲ್ಲಿನ ಜಿಲ್ಲಾ ಅಟಾರ್ನಿ ತೀರ್ಮಾನಿಸಿದರು. ಆದರೂ ಬಡಾವಣೆಯ ಜನ ಕೇಳಿದ್ದು ಒಂದೇ: ನಮ್ಮನ್ನು, ನಮ್ಮ ಬೀದಿಯನ್ನು ಬಲ್ಲ ಪೊಲೀಸರು ಅಲ್ಲಿ ಯಾಕಿರಲಿಲ್ಲ? ಈ ಪ್ರಶ್ನೆಗೆ ಯಾವ ನಷ್ಟಭರ್ತಿ ಷರತ್ತಿನಲ್ಲೂ ಉತ್ತರವಿಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಈ ವಿಷಯದಲ್ಲಿ ಕೌನ್ಸಿಲ್ ಕೈಗೆ ಈಗ ಹೆಚ್ಚಿನ ಬಲ ಬಂದಿದೆ. 2021ರಲ್ಲಿ ಅಂಗೀಕಾರವಾದ ಎಬಿ 481 ಎಂಬ ಕಾನೂನಿನ ಪ್ರಕಾರ, ಮಿಲಿಟರಿ ಮಾದರಿಯ ಸಲಕರಣೆಗಳ ಬಳಕೆಯ ನೀತಿಗೆ ಕೌನ್ಸಿಲ್ ಬಹಿರಂಗ ಸಭೆಯಲ್ಲಿ ಒಪ್ಪಿಗೆ ಕೊಡಬೇಕು. ಬೇರೆ ಇಲಾಖೆಯೊಂದಿಗೆ ಸೇರಿ ಅವನ್ನು ಊರಿನೊಳಗೆ ಬಳಸುವುದಕ್ಕೂ ಆ ಒಪ್ಪಿಗೆ ಬೇಕು. ಅದೇ ವರ್ಷದ ಎಬಿ 48, ಜನರ ಗುಂಪಿನ ಮೇಲೆ ಅಶ್ರುವಾಯು ಮತ್ತು ರಬ್ಬರ್ ಗುಂಡಿನಂಥವುಗಳ ಬಳಕೆಗೆ ಇಡೀ ರಾಜ್ಯದಲ್ಲಿ ಮಿತಿ ಹಾಕಿತು. ಹಾಗಾಗಿ ಕರೆದ ನಗರದ ಬಲಪ್ರಯೋಗ ನೀತಿಯನ್ನು ಬರುವವರೂ ಪಾಲಿಸತಕ್ಕದ್ದು ಎಂಬ ಒಂದು ವಾಕ್ಯವನ್ನು ಒಪ್ಪಂದಕ್ಕೆ ಸೇರಿಸಿ ಎಂದು ನೀವು ಕೇಳಿದರೆ ಅದು ಅತಿರೇಕದ ಬೇಡಿಕೆಯಾಗುವುದಿಲ್ಲ. ಕೆಲವು ನೆರೆಯವರು ಒಪ್ಪಲಿಕ್ಕಿಲ್ಲ. ಒಪ್ಪದವರು ಯಾರು ಎಂದು ಮೊದಲೇ ತಿಳಿಯುವುದು, ಗಲಭೆಯ ರಾತ್ರಿ ತಿಳಿಯುವುದಕ್ಕಿಂತ ಮೇಲು.

ಒಪ್ಪಂದಕ್ಕೆ ಕೌನ್ಸಿಲ್ ಒಪ್ಪಬೇಕೇ ಎಂದು ನೀವು ಕೇಳಿದ್ದೀರಿ. ಒಪ್ಪಬೇಕು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಗಾತ್ರದ ನಗರ ನೆರವಿಲ್ಲದೆ ನಿಲ್ಲುವಂತಿಲ್ಲ, ಮತ್ತು ಲಿಖಿತ ಒಪ್ಪಂದವಿಲ್ಲದಿದ್ದರೂ ನೆರೆಯವರು ಬಂದೇ ಬರುತ್ತಾರೆ. ಆಗ ಹೊಣೆಯ ಹಂಚಿಕೆಯನ್ನು ನೀವು ಬರೆದ ಪ್ಯಾರಾದ ಬದಲು ವಕೀಲರ ವಾದ ತೀರ್ಮಾನಿಸುತ್ತದೆ. ಆದರೆ ಒಪ್ಪಂದದ ಷರತ್ತನ್ನು ಮೆಮೊರಾಂಡಮ್ಮಿನ ಪಕ್ಕದಲ್ಲಿಟ್ಟು ಓದಿದ್ದೇವೆ, ಪೂಲಿನಿಂದ ಲಿಖಿತ ಸಮ್ಮತಿ ಬಂದಿದೆ ಎಂದು ನಗರ ವಕೀಲರು ಸಭೆಯಲ್ಲೇ ಹೇಳುವವರೆಗೆ ಎರಡಕ್ಕೂ ಮತ ಹಾಕಬಾರದು. ಎರಡು ವಾರ ಮುಂದೂಡಿದರೆ ಪೊಲೀಸ್ ಕಾರುಗಳೇನೂ ನಿಲ್ಲುವುದಿಲ್ಲ. ವಿಮೆಯ ನವೀಕರಣಕ್ಕೆ ಜುಲೈ 1ರಂಥ ಗಡುವಿದ್ದರೆ ಅದನ್ನು ಮಾತ್ರ ಪಾಸು ಮಾಡಿ ಒಪ್ಪಂದವನ್ನು ಹಿಂದಿಡಲಿ.

ನಿಮಗೆ ಸಿಗುವುದು ಎರಡೋ ಮೂರೋ ನಿಮಿಷ. ಸ್ಥಳೀಯ ಸಂಸ್ಥೆಗಳ ಸಭೆಗಳು ಬಹಿರಂಗವಾಗಿ ನಡೆಯಬೇಕೆನ್ನುವ ರಾಜ್ಯದ ಬ್ರೌನ್ ಕಾಯ್ದೆಯ ಪ್ರಕಾರ ಸಾಮಾನ್ಯ ಸಭೆಯ ಅಜೆಂಡಾ 72 ಗಂಟೆ ಮುಂಚೆ ಹೊರಬಿದ್ದಿರಬೇಕಾದ್ದರಿಂದ ಇಂದೇ ಸಿಟಿ ಕ್ಲರ್ಕಿಗೆ ಇಮೇಲ್ ಬರೆದು ಮೆಮೊರಾಂಡಮ್ಮಿನ ಪ್ರತಿಯನ್ನೂ ನಗರದ ಕಳೆದ ಐದು ವರ್ಷಗಳ ಕ್ಲೇಮು ಪಾವತಿಯ ಪಟ್ಟಿಯನ್ನೂ ಕೇಳಿ. ಇವು ಸಾರ್ವಜನಿಕ ದಾಖಲೆಗಳು. ಒಪ್ಪಂದ ಚರ್ಚೆಯಿಲ್ಲದೆ ಪಾಸಾಗುವ ಪಟ್ಟಿಯಲ್ಲಿದ್ದರೆ, ಅದನ್ನು ಅಲ್ಲಿಂದ ತೆಗೆದು ಪ್ರತ್ಯೇಕವಾಗಿ ಚರ್ಚಿಸಿ ಎಂದು ನಿಮ್ಮ ವಾರ್ಡಿನ ಸದಸ್ಯರಿಗೆ ಮುಂಚೆಯೇ ಫೋನು ಮಾಡಿ. ಸಾಮಾನ್ಯವಾಗಿ ಒಬ್ಬ ಸದಸ್ಯರು ಕೇಳಿದರೂ ಸಾಕು. ಮೈಕಿನ ಮುಂದೆ ನಿಂತಾಗ ಪೊಲೀಸರ ಪರವೋ ವಿರುದ್ಧವೋ ಭಾಷಣ ಮಾಡಲು ಹೋಗಬೇಡಿ. ಷರತ್ತಿನ ಪ್ಯಾರಾ ಸಂಖ್ಯೆಯನ್ನೂ ಮೆಮೊರಾಂಡಮ್ಮಿನ ಪುಟ ಸಂಖ್ಯೆಯನ್ನೂ ಹೇಳಿ, ಇವೆರಡೂ ಹೊಂದುತ್ತವೆಯೇ ಎಂದು ನಗರ ವಕೀಲರನ್ನು ಕೇಳಿ ಕುಳಿತುಕೊಳ್ಳಿ. ನಡೆಯುತ್ತಿರುವ ದಾವೆಗಳ ಬಗ್ಗೆ ಕೇಳಿದರೆ ಅದು ಮುಚ್ಚಿದ ಬಾಗಿಲಿನ ಚರ್ಚೆ ಎಂಬ ಉತ್ತರ ಬರುತ್ತದೆ, ಅದು ಸರಿಯಾದ ಉತ್ತರವೇ. ರಾಜಿ ಅಂತಿಮವಾದ ಮೇಲೆ ಮಾತ್ರ ಅದರ ಮೊತ್ತವನ್ನು ನಗರ ಮುಚ್ಚಿಡುವಂತಿಲ್ಲ.